ಮೂರನೆಯ ಅಂಕಣದ ಮಾಳಿಗೆ

ನಮ್ಮೂರ ಮಠದಲ್ಲಿ ಊಟಕ್ಕೆ ಕೂತಮೇಲೆ ಯಾರೂ ಮಾತಾಡುವಂತಿಲ್ಲ. ಎಲೆ ಹಾಕಿದಾಗಿನಿಂದ ಕೈ ತೊಳೆಯುವವರೆಗೆ ಬಾಯಿಗೆ ಉಣ್ಣುವುದೊಂದೇ ಕೆಲಸ. ಸಾರು ಬೇಕಾದರೆ ಎಲೆಯ ತುದಿ ಮುಟ್ಟಬೇಕು, ಸಾಕಾದರೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು. ಮದುವೆಯ ಊಟಕ್ಕೂ ಇದೇ ಕಟ್ಟಳೆ, ಸತ್ತವರ ಹೆಸರಿನ ಊಟಕ್ಕೂ ಇದೇ. ಹೊಸದಾಗಿ ಬಂದ ನೆಂಟರು ಮೊದಲ ಸಲ ಮುಸಿಮುಸಿ ನಗುತ್ತಾರೆ. ಎರಡನೇ ತುತ್ತಿಗೆ ಅವರೂ ಸುಮ್ಮನಾಗುತ್ತಾರೆ.

ಅಂಥ ಒಂದು ಊಟದ ನಡುವೆ ನನ್ನ ಗಂಡನ ಎಲೆಗೆ ಮಾಳಿಗೆಯಿಂದ ಒಂದು ಹನಿ ನೀರು ಬಿತ್ತು. ಆ ಹನಿ ಬೀಳುವಂತಾದದ್ದು ನನ್ನಿಂದ. ಅವರು ಹೋಗಿ ವರ್ಷ ಕಳೆಯಿತು. ಬದುಕಿದ್ದಾಗ ಅವರಿಗೆ ಹೇಳಬೇಕಾಗಿದ್ದನ್ನು ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಎಂಟನೇ ಕ್ಲಾಸಿನವರೆಗೆ, ಅದೂ ತಮಿಳಿನಲ್ಲಿ. ಕನ್ನಡದ ಅಕ್ಷರ ಕಲಿತದ್ದು ಇದೇ ಮಠದ ಜಗಲಿಯಲ್ಲಿ, ಹಳೆಯ ಅಯ್ಯನವರ ಹತ್ತಿರ, ಮರಳಿನ ಮೇಲೆ ಬೆರಳಾಡಿಸಿ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಮಠ ಇರುವುದು ತಮಿಳು ಸೀಮೆಯ ಸೇಲಂ ಕಡೆ, ಕಡಯಂಪಟ್ಟಿಯ ಆಚೆ, ಗುಡ್ಡದ ಬುಡದಲ್ಲಿ. ಮಾಳಿಗೆಯ ಮೇಲೆ ನಿಂತರೆ ತೊಪ್ಪೂರು ಘಾಟಿಯಲ್ಲಿ ತೆವಳುವ ಲಾರಿಗಳು ಇರುವೆಸಾಲಿನಂತೆ ಕಾಣುತ್ತವೆ. ಯಾವ ಕಾಲದ ಕಟ್ಟಡವೆಂದು ಎಲ್ಲೂ ಬರೆದಿಲ್ಲ. ಮೈಸೂರು ಸೀಮೆಯಿಂದ ಕೆಲವು ಅಯ್ಯಗಳು ಹೇರೆತ್ತುಗಳ ಜೊತೆ ಘಾಟಿ ಇಳಿದು ಬಂದರಂತೆ, ಗುಡ್ಡದ ಒರತೆ ಕಂಡು ಇಲ್ಲೇ ನಿಂತರಂತೆ. ಕಲ್ಲನ್ನು ಹಿಂದಿನ ಬಂಡೆಯಿಂದಲೇ ಸೀಳಿದ್ದಾರೆ. ಬೆಣೆ ಹೊಡೆದ ತೂತುಗಳ ಸಾಲು ಈಗಲೂ ಬಂಡೆಯ ಮೇಲಿದೆ. ಅರ್ಧ ಸೀಳಿ ಬಿಟ್ಟ ಒಂದು ಚಪ್ಪಡಿಯೂ ಅಲ್ಲೇ ಇದೆ. ಚಿಕ್ಕವರಿದ್ದಾಗ ನಾವು ಅದರ ಮೇಲೆ ಜಾರುತ್ತಿದ್ದೆವು.

ಒಳಗೆ ಹೋಗುವ ಬಾಗಿಲು ಗಿಡ್ಡ. ಎಂಥವನೂ ತಲೆ ತಗ್ಗಿಸಬೇಕು. ಒಳಗೆ ನಡುವೆ ತೆರೆದ ಅಂಗಳ, ಸುತ್ತ ನಾಲ್ಕು ಕಡೆ ಕಲ್ಲುಕಂಬದ ಜಗಲಿ. ಮೂಡಲಿಗೆ ಗದ್ದುಗೆಯ ಮನೆ, ತೆಂಕಲಿಗೆ ಕಣಜ, ಬಡಗಲಿಗೆ ಅಡಿಗೆಮನೆ, ಅದಕ್ಕೆ ಹೊಂದಿ ಊಟದ ಪಡಸಾಲೆ. ಕಂಬಗಳಿಗೆ ಒಂದು ಹೂವನ್ನೂ ಕೆತ್ತಿಲ್ಲ. ಉಳಿ ಕೆಲಸಕ್ಕೆ ಬಂದವರು ಬಳ್ಳಿ ಬಿಡಿಸಲು ಹೊರಟಾಗ ಆಗಿನ ಅಯ್ಯನವರು, ಕಂಬ ಭಾರ ಹೊರಲಿ, ಶೃಂಗಾರ ಬೇಡ ಎಂದರೆಂದು ನಮ್ಮಲ್ಲಿ ಹೇಳುತ್ತಾರೆ. ಗುಡ್ಡದ ನೀರು ಕಲ್ಲಿನ ಕಾಲುವೆಯಲ್ಲಿ ಮೊದಲು ಅಡಿಗೆಮನೆಗೆ ಬಂದು, ಆಮೇಲೆ ಕೈ ತೊಳೆಯುವ ಕಲ್ಲಿಗೆ ಹೋಗಿ, ಕೊನೆಗೆ ಬಾಳೆಯ ಪಾತಿಗೆ ಸೇರುತ್ತದೆ. ಆ ಕಾಲುವೆ ಒಂದು ದಿನವೂ ಕಟ್ಟಿಕೊಂಡದ್ದನ್ನು ನಾನು ನೋಡಿಲ್ಲ.

ಊಟದ ಪಡಸಾಲೆ ಏಳು ಅಂಕಣ, ಕಂಬದಿಂದ ಕಂಬಕ್ಕೆ ಒಂದೊಂದು. ಎರಡು ಸಾಲು ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಚಪ್ಪಡಿಯ ಮೇಲೆ ಒಂದು ಗೇಣು ದಪ್ಪ ಸುಣ್ಣದ ಗಾರೆ. ನನ್ನ ಗಂಡನ ಮನೆಯವರು ತಲೆತಲಾಂತರದಿಂದ ಆ ಗಾರೆಯ ಕೆಲಸ ಮಾಡಿಕೊಂಡು ಬಂದವರು. ಹೊಲ ಇತ್ತು, ಉಳುತ್ತಿದ್ದರು. ಆದರೆ ಊರಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಕೊತ್ತನಾರ್ ಅಂತಲೇ. ತಮಿಳಿನಲ್ಲಿ ಗಾರೆಯವನಿಗೆ ಹಾಗೆನ್ನುತ್ತಾರೆ.

ಕೆಲವು ವರ್ಷಕ್ಕೊಮ್ಮೆ ಯುಗಾದಿ ಕಳೆದಮೇಲೆ ಯಾವುದಾದರೂ ಒಂದು ಕಡೆಯ ಹಳೆಯ ಗಾರೆ ಕಿತ್ತು ಹೊಸದು ಹಾಕುವರು. ಗಂಡಸರು ಸುಣ್ಣಕ್ಕೆ ಇಟ್ಟಿಗೆ ಚೂರು ಬೆರೆಸಿ ಹೊತ್ತು ಹಾಕುವರು. ಬಡಿಯುವುದು ಮಾತ್ರ ಹೆಂಗಸರೇ. ಊರಿನ ಪ್ರತಿ ಮನೆಯಿಂದ ಒಬ್ಬಳು ಬರಬೇಕು, ಅದು ಮಠಕ್ಕೆ ನಾವು ಸಲ್ಲಿಸುವ ಸೇವೆ. ಸಾಲಾಗಿ ಕುಕ್ಕುರುಗಾಲಲ್ಲಿ ಕೂತು ಮರದ ಕೊಡತಿಯಿಂದ ಬಡಿಯುತ್ತಿದ್ದೆವು. ಕಡುಕ್ಕಾಯಿ, ಎಂದರೆ ಅಳಲೆಕಾಯಿ, ಅದನ್ನು ಜಜ್ಜಿ ಬೆಲ್ಲದ ಜೊತೆ ಕೊಳೆಹಾಕಿದ ನೀರನ್ನು ಮೇಲೆ ಚಿಮುಕಿಸುತ್ತ ಬಡಿಯಬೇಕು. ಆ ಹುಳಿವಾಸನೆ ಸೀರೆಯಿಂದ ಹೋಗಲು ಎರಡು ಒಗೆತ ಬೇಕು. ಮೊದಲ ದಿನ ಸದ್ದು ಕೆಸರಿನಲ್ಲಿ ಕಾಲಿಟ್ಟ ಹಾಗೆ. ದಿನ ಕಳೆದಂತೆ ಗಟ್ಟಿಯಾಗುತ್ತದೆ. ಪಕ್ವವಾದ ದಿನ ಕೊಡತಿ ತಾನಾಗಿ ಮೇಲಕ್ಕೆ ಚಿಮ್ಮುತ್ತದೆ, ಸದ್ದು ಕಲ್ಲಿನ ಸದ್ದಾಗುತ್ತದೆ.

ಆಯಿತೋ ಇಲ್ಲವೋ ಎಂದು ಹೇಳುವುದು ನನ್ನ ಗಂಡನ ಕೆಲಸ. ಅವರು ಅದನ್ನು ಮೇಲೆ ನಿಂತು ನೋಡುತ್ತಿರಲಿಲ್ಲ. ಕೆಳಗೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಮೇಲಿನ ಬಡಿತ ಚಪ್ಪಡಿಯಿಂದ ಇಳಿದು ಬರುವುದನ್ನು ಕೇಳಿಯೇ ಹೇಳುತ್ತಿದ್ದರು. ನಾನು ಯಾವಾಗಲೂ ಮಾಳಿಗೆ ಎತ್ತರದ ಗೋಡೆಗೆ ತಾಗುವ ಅಂಚಿನಲ್ಲಿ, ನೆರಳು ಬೀಳುವ ಕಡೆ ಕೂರುತ್ತಿದ್ದೆ. ಕೆಳಗಿನಿಂದ ಕೂಗು ಬರುತ್ತಿತ್ತು.

"ಗೋಡೆ ಕಡೆ ಇರೋರು ಯಾರಮ್ಮಾ? ಇವತ್ತು ಊಟ ಆಗಿಲ್ವಾ?"

ಹೆಂಗಸರೆಲ್ಲ ಕೊಡತಿ ಕೆಳಗಿಟ್ಟು ನಗುವರು. ಎದುರುಮನೆಯ ಅಕ್ಕ ಬಗ್ಗಿ ಬೆಳಕಿಂಡಿಗೆ ಬಾಯಿಟ್ಟು ಕೂಗುವಳು. "ಇಕ್ಕಿದ್ರೆ ತಾನೆ ಉಂಬೋದು! ಮನೇಲಿ ನೀನು ಏನಿಕ್ಕಿದ್ದೆ ಹೇಳಪ್ಪಾ ಮೊದ್ಲು!"

"ನಾ ಇಕ್ಕೋದಾ? ಅವಳು ಇಕ್ಕಿದ್ದು ನಾ ಉಂಡಿದ್ರೆ ನಂಗೂ ಮೇಲೆ ಅತ್ತೋಕೆ ಶಕ್ತಿ ಇರ್ತಿತ್ತು."

ನನಗೆ ನಾಚಿಕೆಯಾಗಿ ಇನ್ನೂ ಜೋರಾಗಿ ಬಡಿಯುತ್ತಿದ್ದೆ. ಪ್ರತಿ ಸಲ ಗೋಡೆ ಕಡೆಯದೇ ಮಾತು. ಹೆಂಡತಿಯನ್ನು ಕೀಟಲೆ ಮಾಡುವುದಕ್ಕೆ ಹಾಗೆನ್ನುತ್ತಾರೆ ಎಂದೇ ನಾನು ತಿಳಿದಿದ್ದೆ.

ಹೀಗೇ ವರ್ಷಗಳು ಕಳೆದವು. ಅವರಿಗೆ ಅರವತ್ತು ದಾಟಿತು. ಕಣಜದ ಮೇಲೆ ಗಾರೆ ಹಾಕುವಾಗ ಒಂದು ಸಲ ಏಣಿಯಿಂದ ಜಾರಿದರು. ಕಾಲಿಗೆ ಏನೂ ಆಗಲಿಲ್ಲ, ಕೈಲಿದ್ದ ಬಾಣಲೆಯ ಸುಣ್ಣ ಮುಖಕ್ಕೆ ಚೆಲ್ಲಿತು. ಕಾಲುವೆಯ ಪಕ್ಕ ಮಲಗಿಸಿ, ರೆಪ್ಪೆ ಬಿಡಿಸಿ ಹಿಡಿದು ನೀರು ಹುಯ್ದೆ. ಎಷ್ಟು ಹೊತ್ತು ಹುಯ್ದೆನೋ ತಿಳಿಯದು. ಎಡಗಣ್ಣು ಒಂದು ತಿಂಗಳು ಕೆಂಪಗಿತ್ತು. ಅವತ್ತೇ ನನ್ನ ಮನಸ್ಸಿನಲ್ಲಿ ಇವರು ಇನ್ನು ಮೇಲೆ ಹತ್ತಬಾರದು ಎಂದು ಬಂತು. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಕೇಳುತ್ತಿರಲಿಲ್ಲ ಎಂದುಕೊಂಡೆ. ಕೇಳುತ್ತಿದ್ದರೇನೋ.

ಮುಂದಿನ ವರ್ಷ ಪಡಸಾಲೆಯ ಸರದಿ. ಸೇಲಂನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಕಡೆಯ ಭಕ್ತರೊಬ್ಬರು, ತಾವೇ ಸಿಮೆಂಟು ಕೊಟ್ಟು ಆಳು ಕಳಿಸುತ್ತೇವೆ, ಏಳು ಅಂಕಣವನ್ನೂ ಒಂದೇ ವಾರದಲ್ಲಿ ಮುಗಿಸುತ್ತೇವೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಯ್ಯನವರು ಊರವರನ್ನು ಜಗಲಿಯಲ್ಲಿ ಸೇರಿಸಿದರು. ಈಗಿನ ಅಯ್ಯನವರು ನನಗಿಂತ ಚಿಕ್ಕವರು, ಎಲ್ಲರ ಮಾತು ಕೇಳದೆ ಏನೂ ಮಾಡುವುದಿಲ್ಲ. ಮೊದಲು ನನ್ನ ಗಂಡನನ್ನೇ ಕೇಳಿದರು.

ಅವರು ಎದ್ದು ನಿಂತು ಟವೆಲು ಕಂಕುಳಿಗೆ ಸೇರಿಸಿ ಹೇಳಿದರು. "ಬುದ್ಧಿ, ಸುಣ್ಣ ನೆನೀತೈತೆ, ಆಮೇಲೆ ತಾನೇ ಒಣಗ್ತೈತೆ. ಸಿಮೆಂಟು ಅಂಗಲ್ಲ. ಸುಣ್ಣದ ಬಾಯಿ ಮುಚ್ಚುಸ್ಬುಡ್ತೈತೆ. ಎಲ್ಲೋ ಒಂದು ಕೂದಲೆಳೆ ಬಿರುಕು ಬಿಟ್ರೆ ನೀರು ಒಳೀಕೆ ಓಗ್ತೈತೆ, ಈಚಿಗೆ ಬರಕ್ಕಾಗಲ್ಲ. ಕೆಳಗಿರೋ ಹಳೇ ಗಾರೆ ಕೊಳೀತೈತೆ. ಕಲ್ಲಿಗೇ ಬರ್ತೈತೆ."

"ಎಲ್ಲಾ ಮನೇಗೂ ಈಗ ಸಿಮೆಂಟು ತಾನೇ ಕೊತ್ತನಾರೇ?" ಎಂದು ಹಿಂದಿನಿಂದ ಯಾರೋ ಕೇಳಿದರು. "ನಿಮ್ ಮನೇಗೇ ಸಿಮೆಂಟು."

"ನಮ್ ಮನೇನ ಸಿಮೆಂಟಿಗೇ ಅಂತ ಕಟ್ಟವ್ರೆ ಕಣಪ್ಪಾ."

ಅಯ್ಯನವರು ಸಿಮೆಂಟು ಬೇಕು ಅನ್ನುವವರು ಕೈ ಎತ್ತಿ ಎಂದರು. ಯಾರೂ ಎತ್ತಲಿಲ್ಲ. ಬಿಸಿಲಲ್ಲಿ ಕೂತು ಬಡಿಯುವುದು ಯಾರಿಗೂ ಬೇಡವಾಗಿತ್ತು, ಹುಡುಗಿಯರಂತೂ ಬರುವುದನ್ನೇ ಬಿಟ್ಟಿದ್ದರು. ಆದರೂ ಎಲ್ಲರೂ ನನ್ನ ಗಂಡನ ಮುಖ ನೋಡುತ್ತಿದ್ದರು. ನಾನು ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದೆ. ನನ್ನ ಕಣ್ಣಿಗೆ ಆ ಏಣಿ, ಆ ಕೆಂಪು ಕಣ್ಣು ಬಿಟ್ಟು ಬೇರೆ ಕಾಣಲಿಲ್ಲ. ಕೈ ಎತ್ತಿದೆ.

"ಕೊತ್ತನಾರ್ ಮನೆಯಿಂದ್ಲೇ ಎತ್ತವ್ರೆ, ಇನ್ನೇನೈತೆ" ಎಂದು ಯಾರೋ ಅಂದರು. ಆಮೇಲೆ ಒಂದರ ಹಿಂದೆ ಒಂದು ಕೈ ಮೇಲೆ ಬಂದವು.

ಮನೆಗೆ ನಡೆಯುವಾಗ ಅವರು ಮುಂದೆ, ನಾನು ಹಿಂದೆ. ಹುಣಸೆಮರದ ಹತ್ತಿರ ನಿಂತು ಕೇಳಿದರು. "ಕೈ ನೋಯ್ತಾ ಐತಾ?"

"ಯಾಕೆ?"

"ಇಲ್ಲ, ಅಷ್ಟೊತ್ತು ಮೇಲೆತ್ಕೊಂಡಿದ್ದೆಯಲ್ಲ."

ಆಗಲಾದರೂ, ನೀವು ಬೀಳುತ್ತೀರಿ ಎಂಬ ಹೆದರಿಕೆಗೆ ಎತ್ತಿದೆ ಅಂತ ಹೇಳಬಹುದಿತ್ತು. ಊರ ಮುಂದೆ ಕೈ ಎತ್ತಲು ಇದ್ದ ಧೈರ್ಯ ಹುಣಸೆಮರದ ಕೆಳಗೆ ಇರಲಿಲ್ಲ. ಅವರ ಮನಸ್ಸಿನಲ್ಲಿ, ನನ್ನ ಕೆಲಸ ಇವಳಿಗೆ ಬೇಸರವಾಗಿದೆ ಎಂದು ಕೂತುಬಿಟ್ಟಿತು. ಹಾಗೆಂದು ಅವರೇನೂ ಹೇಳಲಿಲ್ಲ. ಇಷ್ಟು ವರ್ಷ ಜೊತೆಯಲ್ಲಿದ್ದವಳಿಗೆ ಗೊತ್ತಾಗುತ್ತದೆ.

ಒಂದು ವಾರದಲ್ಲಿ ಸಿಮೆಂಟು ಬಿತ್ತು. ಹಳೆಯ ಗಾರೆಯ ಮೇಲೆಯೇ ನುಣ್ಣಗೆ ಎಳೆದರು. ಬೂದು ಬಣ್ಣದ ಮಾಳಿಗೆ ನೋಡಿ ಎಲ್ಲರಿಗೂ ಖುಷಿಯಾಯಿತು, ನನಗೂ ಆಯಿತು. ಅವರು ಮಾತ್ರ ಮೇಲೆ ಹತ್ತಲಿಲ್ಲ. ನಾನು ಬಯಸಿದ್ದು ಅದೇ ತಾನೇ. ಮುಂದಿನ ತಿಂಗಳು ಅವರು ಎಲ್ಲಿಂದಲೋ ಸುಟ್ಟ ಸುಣ್ಣದಕಲ್ಲು ತಂದು ಮನೆಯ ಹಿಂದೆ ಗುಂಡಿ ತೋಡಿ ನೀರಿಗೆ ಹಾಕಿದರು. ಕುದಿದು ಅಡಗಿದಮೇಲೆ ಗೋಣಿಚೀಲ ಮುಚ್ಚಿದರು. ನನಗೆ ಕೋಪ ಬಂತು.

"ಇನ್ಯಾವ ಮಾಳಿಗೆಗೆ ಇದು?"

"ಯಾವ ಮಾಳಿಗೆ ಅಂತ ಸುಣ್ಣಕ್ಕೇನು ಗೊತ್ತು. ಇರ್ಲಿ ಬಿಡು, ಅದ್ರ ಪಾಡಿಗೆ ಅದು ಇರ್ತೈತೆ."

ಮೊದಲ ಮಳೆಗಾಲ ಚೆನ್ನಾಗಿ ಕಳೆಯಿತು. ಎರಡನೆಯ ವರ್ಷದ ಐಪ್ಪಸಿ ತಿಂಗಳಲ್ಲಿ, ದೀಪಾವಳಿಯ ಹೊತ್ತಿಗೆ, ಮೂರು ದಿನ ಬಿಡದೆ ಸುರಿಯಿತು. ಅವತ್ತು ಮಠದಲ್ಲಿ ಯಾರದೋ ಹರಕೆಯ ಊಟ. ನನ್ನ ಗಂಡ ಎಂದಿನ ಜಾಗದಲ್ಲಿ ಕೂತಿದ್ದರು, ಮೂರನೆಯ ಅಂಕಣದಲ್ಲಿ, ಕಂಬದ ಪಕ್ಕ. ನಾನು ಬಡಿಸುತ್ತಿದ್ದೆ. ಅವರ ಎಲೆಗೆ ಅನ್ನ ಹಾಕಿ ಮುಂದಿನ ಎಲೆಗೆ ಬಗ್ಗಿದಾಗ ಟಪ್ ಎಂದು ಕೇಳಿತು. ತಿರುಗಿ ನೋಡಿದೆ. ಅವರ ಅನ್ನದ ಮೇಲೆ ಒಂದು ಗುಳಿ. ನೋಡುತ್ತಿದ್ದಂತೆ ಇನ್ನೊಂದು ಹನಿ ಬಿತ್ತು. ಮಾತಿಲ್ಲದ ಪಡಸಾಲೆಯಲ್ಲಿ ಅದು ಏಳು ಅಂಕಣಕ್ಕೂ ಕೇಳಿತು. ಎಲ್ಲರ ಕೈ ಎಲೆಯ ಮೇಲೆಯೇ ನಿಂತವು. ಅವರು ತಲೆ ಎತ್ತಿ ಮಾಳಿಗೆ ನೋಡಲಿಲ್ಲ, ಎಲೆಯನ್ನು ಪಕ್ಕಕ್ಕೆ ಸರಿಸಲೂ ಇಲ್ಲ. ಸಾರಿಗೆಂದು ಎಲೆಯ ತುದಿ ಮುಟ್ಟಿದರು. ನಾನು ಸಾರನ್ನು ಅನ್ನದ ಆಚೆ ಹುಯ್ದೆ.

ಕೈ ತೊಳೆದಮೇಲೆ ಮಾತಾಡಬಹುದಿತ್ತು. ಯಾರೂ ಆಡಲಿಲ್ಲ. ಆಮೇಲೆ ಮಳೆ ಬಂದ ದಿನಗಳಲ್ಲೆಲ್ಲ ಅವರು ಅಲ್ಲೇ, ಹನಿಯ ಕೆಳಗೇ ಎಲೆ ಹಾಕಿಸಿಕೊಂಡು ಕೂತರು. ನನ್ನನ್ನು ಹಂಗಿಸುವುದಕ್ಕೆ ಹಾಗೆ ಮಾಡುತ್ತಾರೆ ಎಂದು ಆಗ ನೊಂದುಕೊಂಡೆ. ಸೋರುವ ಜಾಗದ ಗುರುತು ತಪ್ಪದಿರಲಿ ಎಂದು ಕೂತರೋ ಏನೋ. ಈಗ ಕೇಳುವಂತಿಲ್ಲ.

ಅದರ ಮುಂದಿನ ವರ್ಷ ಸೇಲಂನ ಕಾಲೇಜಿನಿಂದ ಕಟ್ಟಡದ ಓದು ಓದುವ ಹುಡುಗಿಯೊಬ್ಬಳು ಮಠ ಅಳೆಯಲು ಬಂದಳು. ಕಂಬದ ಆಕಾರ ನೋಡಿ ವಿಜಯನಗರದ ಕಾಲದ್ದಿರಬಹುದು ಎಂದಳು. ಅವಳಿಗೆ ಕನ್ನಡ ಬಾರದು, ನನ್ನ ಗಂಡ ತಮಿಳಿನಲ್ಲಿ ಎಲ್ಲವನ್ನೂ ತೋರಿಸಿದರು. ಮನೆಗೆ ಕಾಫಿಗೆ ಬಂದಾಗ ಅವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಇಂಗ್ಲೆಂಡಿನಲ್ಲಿ ಸಿಸ್ಟರ್ಸಿಯನ್ ಎನ್ನುವ ಪಂಗಡದ ಕ್ರೈಸ್ತ ಸನ್ಯಾಸಿಗಳು ಬಹಳ ಹಿಂದೆ ಕಟ್ಟಿದ ಮಠವಂತೆ. ಅವರೂ ಊರಿಂದ ದೂರ, ನೀರಿರುವ ಕಣಿವೆ ಹುಡುಕಿ ನೆಲೆ ನಿಲ್ಲುತ್ತಿದ್ದರಂತೆ. ನಡುವೆ ತೆರೆದ ಅಂಗಳ, ಸುತ್ತ ಕಂಬದ ಜಗಲಿ, ಅಡಿಗೆಮನೆಗೆ ಕಲ್ಲಿನ ಕಾಲುವೆ, ಗೋಡೆಗೆ ಅಲಂಕಾರವಿಲ್ಲ. ತಮ್ಮ ಹೊಲವನ್ನು ತಾವೇ ಉಳುತ್ತಿದ್ದರು. ಊಟಕ್ಕೆ ಕೂತರೆ ಅವರೂ ಮಾತಾಡುತ್ತಿರಲಿಲ್ಲವಂತೆ, ಒಬ್ಬರು ಮಾತ್ರ ಶಾಸ್ತ್ರ ಓದುತ್ತಿದ್ದರಂತೆ.

ನನ್ನ ಗಂಡ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಎತ್ತರದ ಕಲ್ಲು ಕಮಾನುಗಳು, ಅವುಗಳ ನಡುವೆ ಹುಲ್ಲು, ಮೇಲೆ ಬರೀ ಆಕಾಶ.

"ಇದ್ರ ಮಾಳಿಗೆ ಎಲ್ಲೋಯ್ತಮ್ಮಾ?"

ಅಲ್ಲಿನ ರಾಜ ಮಠಗಳನ್ನೆಲ್ಲ ಮುಚ್ಚಿಸಿದನಂತೆ. ಸೂರಿಗೆ ಸೀಸದ ತಗಡು ಹೊದಿಸಿತ್ತು, ಅದನ್ನು ಕಿತ್ತು ಕರಗಿಸಿಕೊಂಡು ಹೋದರಂತೆ. ಸೂರು ಹೋದಮೇಲೆ ಮಳೆ ಒಳಗಿಳಿದು ಉಳಿದದ್ದೂ ಬಿತ್ತು ಎಂದಳು.

"ಅಲ್ಲಿ ಕಿತ್ಕೊಂಡೋಗಿ ಆಳು ಮಾಡುದ್ರು" ಎಂದು ಅವರು ನನ್ನ ಕಡೆ ತಿರುಗದೆ ಕನ್ನಡದಲ್ಲಿ ಹೇಳಿದರು. "ನಮ್ಮೋರು ಮೇಲೆ ಆಕಿ ಆಳು ಮಾಡುದ್ರು."

ಹುಡುಗಿಗೆ ಅರ್ಥವಾಗದೆ ನಕ್ಕಳು. ನಾನು ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಅವರು ಹೋದದ್ದು ಮರುವರ್ಷದ ಐಪ್ಪಸಿಯಲ್ಲಿ. ಓಮಲೂರಿಗೆ ಹೋಗಿ ಬರುತ್ತಿದ್ದರು. ಬಸ್ಸಿನಲ್ಲಿ ಕಿಟಕಿಗೆ ಒರಗಿದವರನ್ನು ನಿದ್ದೆ ಎಂದುಕೊಂಡು ಕಂಡಕ್ಟರು ಎಬ್ಬಿಸಲಿಲ್ಲ. ಕೈಚೀಲದಲ್ಲಿ ನನ್ನ ಬಿಪಿ ಮಾತ್ರೆ, ಒಂದು ಕಟ್ಟು ಸೊಪ್ಪು. ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಹನ್ನೊಂದನೇ ದಿನ ಅವರ ಹೆಸರಿನಲ್ಲಿ ಮಠದಲ್ಲಿ ಊಟ ಹಾಕಿಸಿದೆವು. ಅವತ್ತೂ ಮಳೆ. ಯಾರೂ ಹೇಳದಿದ್ದರೂ ಮೂರನೆಯ ಅಂಕಣದ ಕಂಬದ ಪಕ್ಕದ ಜಾಗವನ್ನು ಎಲ್ಲರೂ ಬಿಟ್ಟು ಕೂತಿದ್ದರು. ಊಟ ಶುರುವಾಯಿತು. ಎಲೆಯಿಲ್ಲದ ಬರೀ ಕಲ್ಲಿನ ಮೇಲೆ ಹನಿ ಬೀಳತೊಡಗಿತು. ಕೊನೆಯ ತುತ್ತಿನವರೆಗೆ ಊರೆಲ್ಲ ಅದನ್ನು ಕೇಳಿಸಿಕೊಂಡು ಉಂಡಿತು.

ಮರುದಿನ ಮನೆಯ ಹಿಂದೆ ಹೋಗಿ ಗುಂಡಿಯ ಮೇಲಿನ ಗೋಣಿ ಎತ್ತಿದೆ. ಒಣಗಿ ಕಲ್ಲಾಗಿರುತ್ತದೆ ಎಂದುಕೊಂಡಿದ್ದೆ. ಮೇಲೆ ಗೇಣುದ್ದ ತಿಳಿನೀರು. ಕೆಳಗೆ ಕೈ ಹಾಕಿದರೆ ಬೆಣ್ಣೆ. ಅವರು ಇಷ್ಟು ವರ್ಷ ಒಂದು ದಿನವೂ ಅದನ್ನು ಆರಲು ಬಿಟ್ಟಿರಲಿಲ್ಲ. ಸುಣ್ಣ ನೆಂದಷ್ಟೂ ಒಳ್ಳೆಯದು ಎಂದು ಅವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಒಂದಲ್ಲ ಒಂದು ದಿನ ನಾವು ಕೇಳಿಕೊಂಡು ಬರುತ್ತೇವೆ ಎಂದು ಕಾಯುತ್ತಿದ್ದರು. ನಾವು ಎಂದರೆ ಊರವರೋ, ನಾನೊಬ್ಬಳೋ. ಅಲ್ಲೇ ಕೂತು ಅತ್ತೆ.

ಅಯ್ಯನವರ ಹತ್ತಿರ ಹೋಗಿ ಹೇಳಿದೆ. "ಬುದ್ಧಿ, ಕೈ ಎತ್ತಿದ್ದು ನಾನು. ಆ ಸಿಮೆಂಟ ನಾನೇ ಕೀಳಿಸ್ತೀನಿ."

"ಗಾರೆ ಯಾರು ಕಲಸ್ತಾರೆ ತಾಯಿ?"

ಸುಣ್ಣಕ್ಕೆ ಇಟ್ಟಿಗೆ ಎಷ್ಟು, ಕಡುಕ್ಕಾಯಿ ಎಷ್ಟು ದಿನ ಕೊಳೆಯಬೇಕು, ಒಂದೂ ನಾನು ಕೇಳಿ ತಿಳಿದಿರಲಿಲ್ಲ. ಕೇಳದೆಯೇ ಮೂವತ್ತೈದು ವರ್ಷ ಅವರ ಬಟ್ಟೆಯ ಸುಣ್ಣ ಒಗೆದಿದ್ದೆ. ಅಯ್ಯನವರು ಯೋಚಿಸಿ, ಒಂದು ಅಂಕಣ ಮಾಡಿ ನೋಡೋಣ, ಮಳೆ ತಡೆದರೆ ಮಿಕ್ಕದ್ದು ಎಂದರು. ಯಾವುದು ಎಂದು ಕೇಳಲಿಲ್ಲ. ಸೇಲಂನಲ್ಲಿ ಟೀಚರಾಗಿರುವ ಮಗಳಿಗೆ ಫೋನಿನಲ್ಲಿ ಹೇಳಿದರೆ, "ವಿಡುಮ್ಮಾ, ಈ ವಯಸ್ಸಲ್ಲಿ ಉನಕ್ಕು ಯಾಕೆ ಇದೆಲ್ಲ" ಎಂದಳು. ಬಿಡಮ್ಮಾ, ನಿನಗೇಕೆ ಎಂದು. ಆಮೇಲೆ ರಜಕ್ಕೆ ಬಂದವಳು ತಾನೇ ಕಡುಕ್ಕಾಯಿ ಜಜ್ಜಿಕೊಟ್ಟಳು.

ಯುಗಾದಿ ಕಳೆದಮೇಲೆ ಮೂರನೆಯ ಅಂಕಣದ ಸಿಮೆಂಟು ಕಿತ್ತೆವು. ಕೆಳಗಿನ ಹಳೆಯ ಗಾರೆ ಕಪ್ಪಗಾಗಿ, ಬೇಸಿಗೆಯಲ್ಲೂ ಒದ್ದೆಯಾಗಿತ್ತು. ಮುಟ್ಟಿದರೆ ಕೈಗೆ ಬಂತು. ಅವರು ಹೇಳಿದ್ದು ಹೇಳಿದ ಹಾಗೇ ಆಗಿತ್ತು. ಬಡಿಯಲು ಏಳು ಹೆಂಗಸರು ಬಂದರು, ಎಲ್ಲರೂ ಐವತ್ತು ದಾಟಿದವರು. ಕಲಸಿದ್ದು ಕಣ್ಣಂದಾಜಿನಲ್ಲಿ. ಎದುರುಮನೆಯ ಅಕ್ಕ ಕಡುಕ್ಕಾಯಿ ನೀರನ್ನು ನಾಲಿಗೆಗೆ ಹಚ್ಚಿ ನೋಡಿ, "ಇಂಗೇ ಒಗರಿತ್ತು, ಇಂಗೇ ಇತ್ತು" ಎಂದಳು.

ಆರನೇ ದಿನ ಕೊಡತಿ ಚಿಮ್ಮತೊಡಗಿತು. ನಾನು ಏಣಿ ಇಳಿದು ಪಡಸಾಲೆಗೆ ಹೋಗಿ ಕಂಬಕ್ಕೆ ಒರಗಿ ಅವರ ಜಾಗದಲ್ಲಿ ಕೂತು ಕಣ್ಣು ಮುಚ್ಚಿದೆ. ಅಷ್ಟು ವರ್ಷ ಮೇಲೆ ಬಡಿದವಳು, ಕೆಳಗಿನಿಂದ ಅದು ಹೇಗೆ ಕೇಳುತ್ತದೆಂದು ಒಮ್ಮೆಯೂ ಬಂದು ನೋಡಿರಲಿಲ್ಲ. ಮಳೆಯ ಹಾಗೆ ಕೇಳುತ್ತಿತ್ತು. ಒಂದೊಂದು ಕೊಡತಿಯೂ ಬೇರೆ ಬೇರೆ. ಎಲ್ಲ ಕಲ್ಲಿನ ಸದ್ದೇ ಎನಿಸಿತು. ಮೇಲಿನಿಂದ ಅಕ್ಕ ಕೂಗಿದಳು.

"ಏನಮ್ಮಾ, ಆಯ್ತಾ? ಸೊಂಟ ಓಯ್ತು ನಮ್ದು!"

"ಆಯ್ತು ಕಣಕ್ಕಾ" ಎಂದೆ.

ಈ ವರ್ಷದ ಐಪ್ಪಸಿ ಮಳೆ ಮೊನ್ನೆ ಹಿಡಿಯಿತು. ನಿನ್ನೆ ಅವರ ವರ್ಷದ ಊಟ. ನಾನು ಬಡಿಸಲು ನಿಲ್ಲದೆ ಕಂಬದ ಪಕ್ಕ ಎಲೆ ಹಾಕಿಸಿಕೊಂಡು ಕೂತೆ. ಅನ್ನ ಬಂತು, ಸಾರು ಬಂತು. ನನ್ನ ಎಲೆಯ ಮೇಲೆ ಏನೂ ಬೀಳಲಿಲ್ಲ. ಎದುರು ಸಾಲಿನಲ್ಲಿದ್ದ ಅಯ್ಯನವರು ಚಪ್ಪಡಿ ನೋಡಿ ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನು ಎರಡನೆಯ ತುತ್ತು ಕಲಸುವಾಗ ಟಪ್ ಎಂದು ಕೇಳಿತು. ನನ್ನ ಅಂಕಣದಲ್ಲೇ, ಬಲಗಡೆ, ಗೋಡೆಯ ಅಂಚಿನಲ್ಲಿ. ನಾನು ಜೀವಮಾನವೆಲ್ಲ ನೆರಳಿಗೆ ಕೂತು ಬಡಿದ ಜಾಗದ ನೇರ ಕೆಳಗೆ. ಆಗ ತಿಳಿಯಿತು, ಗಾರೆ ಗೋಡೆಗೆ ಕೂಡುವ ಅಂಚು ಮಿಕ್ಕದ್ದಕ್ಕಿಂತ ತಡವಾಗಿ ಪಕ್ವವಾಗುತ್ತದೆ, ಅಲ್ಲಿ ಇನ್ನೂ ಎರಡು ದಿನ ಬಡಿಯಬೇಕಿತ್ತು. ಅವರು ಪ್ರತಿ ಸಲ ಅದನ್ನೇ ಕೂಗಿ ಹೇಳುತ್ತಿದ್ದರು, ನಾವು ಪ್ರತಿ ಸಲ ನಗುತ್ತಿದ್ದೆವು.

ಎಲ್ಲರ ಕೈ ನಿಂತವು. ಎದುರುಮನೆಯ ಅಕ್ಕ ತಲೆ ತಗ್ಗಿಸಿದಳು. ಮಾತಾಡುವಂತಿಲ್ಲ. ಗುಂಡಿಯಲ್ಲಿ ಇನ್ನೂ ಅರ್ಧ ಸುಣ್ಣ ಇದೆ, ನೀರು ಹುಯ್ದು ಬಂದಿದ್ದೇನೆ. ನಾನು ಎಲೆಯನ್ನು ಎರಡು ಕೈಯಲ್ಲಿ ಹಿಡಿದು, ಸಾರು ಚೆಲ್ಲದಂತೆ ಎತ್ತಿಕೊಂಡು, ಗೋಡೆಯ ಹತ್ತಿರ ಹೋಗಿ ಹನಿಯ ಕೆಳಗೆ ಇಟ್ಟುಕೊಂಡು ಕೂತೆ.